ಓಲ್ಟ್‌ಮನ್ಸ್ ಬಿಸಿಲಿಗೆ ಹಾಕಿದ ರಜಾಯಿಗಳು

ಗೇರ್ಡ್ ಓಲ್ಟ್‌ಮನ್ಸ್ ಬಗ್ಗೆ ನನ್ನ ಮುಂದೆ ಯಾರೂ ಒಳ್ಳೆಯ ಮಾತಾಡಬೇಡಿ. ಅವನ ದೆಸೆಯಿಂದ ನಾಲ್ಕು ವರ್ಷ ಇಂಗ್ಲಿಷರ ಸೆರೆಯಲ್ಲಿ ಗಂಜಿ ಕುಡಿದವನು ನಾನು. ಕೆಟ್ಟ ಮಾತೂ ಆಡಬೇಡಿ. ಆ ಹಕ್ಕು ನನ್ನದು. ಅವನಿದ್ದ ಹಡಗಿನಲ್ಲೇ ಹನ್ನೊಂದು ವರ್ಷ ರೊಟ್ಟಿ ಸುಟ್ಟಿದ್ದೇನೆ.

ಹಡಗಿನ ಹೆಸರು ಟೆಕ್ಲಾ. ಬ್ರೆಮರ್‌ಹಾಫೆನ್‌ನಿಂದ ನ್ಯೂಯಾರ್ಕಿಗೆ ಸಿರಿವಂತರನ್ನು ಹೊತ್ತೊಯ್ಯುತ್ತಿದ್ದ ಮೂರು ಚಿಮಣಿಯ ಮಹಾರಾಣಿ. ಮೂರನೆಯ ಚಿಮಣಿಯಲ್ಲಿ ಹೊಗೆಯೇ ಇರಲಿಲ್ಲ. ಎರಡೇ ಇದ್ದರೆ ದೊಡ್ಡ ಮನುಷ್ಯರು ಟಿಕೇಟು ಕೊಳ್ಳುವುದಿಲ್ಲವೆಂದು ಸುಮ್ಮನೆ ನಿಲ್ಲಿಸಿದ್ದರು. ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ಹಾಗೆ.

ಆ ಮಹಾರಾಣಿಯ ಹಾಸಿಗೆ-ಬಟ್ಟೆಯ ಮೇಸ್ತ್ರಿ ಓಲ್ಟ್‌ಮನ್ಸ್. ಅಗಸಗಿತ್ತಿಯ ಮಗ, ಗೇಸ್ಟೆ ನದಿಯ ದಡದಲ್ಲಿ ಒದ್ದೆ ಬಟ್ಟೆಗಳ ನಡುವೆ ಬೆಳೆದವನು. ಮದುವೆಯ ಮರುದಿನ ಬೆಳಿಗ್ಗೆ ಹೆಂಡತಿ ಏಳುವ ಮೊದಲೇ ಅವಳ ಮೇಲಿನ ರಜಾಯಿ ಎಳೆದುಕೊಂಡು ಹೋಗಿ ಕಿಟಕಿಗೆ ಹಾಕಿದನಂತೆ. ಇದನ್ನು ಕೇಳಿ ನಮ್ಮ ಕೇರಿಯಲ್ಲಿ ಯಾರೂ ನಗಲಿಲ್ಲ, ‘ಪುಣ್ಯವಂತೆ’ ಎಂದರು. ನಮ್ಮಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ಹೆಬ್ಬಾತಿನ ಪುಕ್ಕದ ರಜಾಯಿ ಕಿಟಕಿಯಿಂದ ಹೊರಗೆ ನಾಲಿಗೆ ಚಾಚದಿದ್ದರೆ ಎದುರುಮನೆಯಾಕೆ ಬಂದು, “ಏನಮ್ಮಾ, ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳುತ್ತಾಳೆ. ಸಾವಿನ ಮನೆಗೆ ಮಾತ್ರ ವಿನಾಯಿತಿ.

ಹದಿನಾಲ್ಕನೆಯ ಇಸವಿಯಲ್ಲಿ ಯುದ್ಧ ಬಂತು, ನಮ್ಮ ಜರ್ಮನ್ ನೌಕಾದಳ ಟೆಕ್ಲಾಳನ್ನು ಎಳೆದುಕೊಂಡಿತು. ಆಳುಗಳಾದ ನಾವೂ ಅವಳ ಜೊತೆಗೇ ಹೋದೆವು. ಸುಳ್ಳು ಚಿಮಣಿ ಕತ್ತರಿಸಿದರು, ಉಳಿದೆರಡಕ್ಕೆ ಇಂಗ್ಲಿಷ್ ಹಡಗಿನ ಬಣ್ಣ ಬಳಿದರು, ಸಿರಿವಂತರು ಚಹಾ ಕುಡಿಯುತ್ತಿದ್ದ ತಾಳೆಗಿಡಗಳ ಅಂಗಳದಲ್ಲಿ ಫಿರಂಗಿ ನಿಲ್ಲಿಸಿ ಮೇಲೆ ಡೇರೆ ಹೊದಿಸಿದರು. ಇಂಗ್ಲಿಷ್ ಹಡಗಿನ ವೇಷದಲ್ಲಿ ಅಡ್ಡಾಡಿ ಇಂಗ್ಲಿಷರ ಸರಕಿನ ಹಡಗುಗಳನ್ನೇ ಹಿಡಿಯಬೇಕು, ಇದು ಬರ್ಲಿನ್ನಿನ ಬುದ್ಧಿವಂತರ ಉಪಾಯ. ವೇಷ ಬಯಲಾದರೆ ನಾವು ಮುನ್ನೂರು ಜನ ಮೀನಿನ ಪಾಲು, ಅಷ್ಟೇ.

ನಮಗೆ ಸಿಕ್ಕಿದ ನೌಕಾದಳದ ಕಪ್ತಾನ ವೇಷದ ಹುಚ್ಚ. ದುರ್ಬೀನಿನಲ್ಲಿ ನೋಡುವವರಿಗೆ ಇಂಗ್ಲಿಷ್ ದೊರೆಸಾನಿ ಕಾಣಲೆಂದು ಒಬ್ಬ ಫಿರಂಗಿಯವನ ಮೀಸೆ ಬೋಳಿಸಿ, ಲಂಗ ತೊಡಿಸಿ, ಕೈಗೆ ಕೊಡೆ ಕೊಟ್ಟ. ಆಮೇಲೆ ನನ್ನ ಅಡುಗೆಮನೆಗೂ ಬಂದ.

“ಇನ್ನು ಮೇಲೆ ಕಪ್ಪು ರೊಟ್ಟಿ ಸುಡ್ಬೇಡ. ಬರೀ ಬಿಳಿ ರೊಟ್ಟಿ.”

“ಯಾಕೆ ಸ್ವಾಮಿ?”

“ಇಂಗ್ಲಿಷರು ಕಪ್ಪು ರೊಟ್ಟಿ ತಿನ್ನಲ್ಲ. ಎಸೆದ ಚೂರು ನೀರಲ್ಲಿ ತೇಲುತ್ತೆ. ಶತ್ರು ನೋಡಿದ್ರೆ?”

ಅಯ್ಯೋ ದೇವರೇ! ಅರ್ಧ ಸಾಗರದಾಚೆಯಿಂದ ಯಾವನಯ್ಯಾ ರೊಟ್ಟಿ ಚೂರು ಮೂಸುತ್ತಾನೆ? ಆದರೂ ಸುಟ್ಟೆ. ಹತ್ತಿಯಂಥ ಬಿಳಿ ರೊಟ್ಟಿ. ನನ್ನ ನೆರೆಮನೆಯ ಫೋಕ್ಕೊ ಹಾರ್ಮ್ಸ್ ಕೆಳಗೆ ಕುಲುಮೆಗೆ ಕಲ್ಲಿದ್ದಲು ಹಾಕುತ್ತಿದ್ದವನು. ದಿನಾ ನನ್ನ ಒಲೆಯ ಬಳಿ ಬಂದು ರೊಟ್ಟಿಯ ತುದಿ ಕಿತ್ತು ತಿನ್ನುತ್ತಿದ್ದ. “ಇದೇನು ಮಾರಾಯ, ಮದ್ದಿನ ಪಟ್ಟಿ ಕಟ್ಟೋ ಹತ್ತೀನಾ?” ಎಂದು ಉಗಿದ. ಉಗಿದು ಇನ್ನೊಂದು ತುಂಡು ಕಿತ್ತುಕೊಂಡ.

ಅಕ್ಟೋಬರಿನಲ್ಲಿ ಮೂರು ವಾರ ಮಂಜು. ಗೋಡೆ ಬೆವರುತ್ತಿತ್ತು, ಹಿಟ್ಟು ಗಂಟು ಕಟ್ಟುತ್ತಿತ್ತು. ಓಲ್ಟ್‌ಮನ್ಸ್ ಮುಖವಂತೂ ನೋಡುವ ಹಾಗಿರಲಿಲ್ಲ. “ಹತ್ತೊಂಬತ್ತು ವರ್ಷದಲ್ಲಿ ನನ್ನ ಒಂದು ರಜಾಯಿಗೂ ಬೂಷ್ಟು ಬಂದಿಲ್ಲ ಕಣೋ” ಎಂದು ಅಳುವುದೊಂದು ಬಾಕಿ. ನಾಲ್ಕನೆಯ ವಾರ, ಒಂದು ಬೆಳಿಗ್ಗೆ ಬಿಸಿಲು ಬಿತ್ತು. ಇವನು ಕಪ್ತಾನನ ಬಳಿ ಓಡಿದ. ಅಧಿಕಾರಿಗಳ ರಜಾಯಿ ಹೊರಗೆ ಹಾಕಲು ಅಪ್ಪಣೆ ಬೇಕಿತ್ತು.

“ಇದನ್ನೂ ನನ್ನ ಕೇಳ್ಬೇಕೇನಯ್ಯಾ? ಹಾಕು, ಹಾಕು! ನನ್ನದು ಮೊದ್ಲು ಹಾಕು, ನಾಯಿ ವಾಸನೆ ಹೊಡೀತಿದೆ” ಎಂದ ಕಪ್ತಾನ.

ರೊಟ್ಟಿಯ ಚೂರಿಗೆ ಹೆದರಿದ ಅದೇ ಮಹಾಶಯ! ಓಲ್ಟ್‌ಮನ್ಸ್ ಮೇಲಟ್ಟದ ಕಂಬಿಯ ಉದ್ದಕ್ಕೂ ರಜಾಯಿಗಳನ್ನು ಸಾಲಾಗಿ ಹಾಕಿ, ಒಂದೊಂದನ್ನೂ ಬಡಿದು ಉಬ್ಬಿಸಿದ. ನಾನೂ ನೋಡಿದೆ. ಸುಳ್ಳೇಕೆ ಹೇಳಲಿ, ‘ಎಷ್ಟು ಅಚ್ಚುಕಟ್ಟು’ ಎಂದುಕೊಂಡೆ. ಮುನ್ನೂರು ಜನರಲ್ಲಿ ಒಬ್ಬನಿಗೂ ಬೇರೆ ಏನೂ ಹೊಳೆಯಲಿಲ್ಲ.

ಹತ್ತು ಗಂಟೆಗೆ ಇಂಗ್ಲಿಷರ ಯುದ್ಧನೌಕೆ ಬಂತು. ಯಾರು ನೀವು ಎಂದು ಬಾವುಟದಲ್ಲಿ ಕೇಳಿತು. ನಮ್ಮ ಕಪ್ತಾನ ಒಂದು ಇಂಗ್ಲಿಷ್ ಹಡಗಿನ ಹೆಸರು ಹೇಳಿದ. ದೊರೆಸಾನಿ ಕೊಡೆ ಬೀಸಿದಳು. ಅವರು ಶುಭ ಪ್ರಯಾಣ ಎಂದು ಬಾವುಟ ಏರಿಸಿ ತಿರುಗಿಕೊಂಡರು. ನನಗೆ ಹೋದ ಜೀವ ಬಂತು. ಅಷ್ಟರಲ್ಲಿ ಆ ಹಡಗು ನಿಂತಿತು, ಮತ್ತೆ ನಮ್ಮ ಕಡೆಗೇ ತಿರುಗಿತು, ಏನೂ ಕೇಳದೆ ಗುಂಡು ಹಾರಿಸಿತು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಎರಡನೆಯ ಗುಂಡು ಕುಲುಮೆಯ ಕೋಣೆಗೇ ಬಿತ್ತು. ಹದಿನೇಳು ಜನ ಅಲ್ಲೇ ಹೋದರು, ಫೋಕ್ಕೊನೂ ಹೋದ. ನಾವು ಉಳಿದವರು ದೋಣಿ ಹತ್ತಿದೆವು. ಲಂಗ ತೊಟ್ಟ ಫಿರಂಗಿಯವನೂ ಹತ್ತಿದ, ಕೊಡೆಯ ಸಮೇತ.

ಇಂಗ್ಲಿಷರ ಹಡಗಿನಲ್ಲಿ ನಮಗೆ ಚಹಾ ಕೊಟ್ಟ ಎಳೆ ಅಧಿಕಾರಿಗೆ ನಮ್ಮ ಭಾಷೆ ಬರುತ್ತಿತ್ತು. “ಬ್ರೆಮನ್‌ನಲ್ಲಿ ಒಂದು ವರ್ಷ ಓದ್ತಾ ಇದ್ದೆ. ಬೆಳಿಗ್ಗೆ ಆದ್ರೆ ಬೀದಿ ತುಂಬಾ ಇದೇ ರಜಾಯಿ. ನಾವು ಹೊದೆಯೋದು ಕಂಬಳಿ. ಇಂಗ್ಲಿಷ್ ಹಡಗಲ್ಲಿ ಇವು ಎಲ್ಲಿಂದ ಬಂದ್ವು ಅಂತ ಒಂದು ಕ್ಷಣ ಯೋಚಿಸ್ದೆ” ಎಂದು ನಗುತ್ತಾ ಹೇಳಿದ. ನಮ್ಮ ಕಪ್ತಾನ ಸಮುದ್ರ ನೋಡಿದ. ಓಲ್ಟ್‌ಮನ್ಸ್ ಕೈಯ ಬಟ್ಟಲು ಕೆಳಗೆ ಬಿತ್ತು.

ಯುದ್ಧ ಮುಗಿದು ಊರಿಗೆ ಬಂದಮೇಲೆ ವಿಚಾರಣೆ ಇಟ್ಟರು. ಕೋಟೆ ಕೊಳ್ಳೆ ಹೋದ ಮೇಲೆ ಬಾಗಿಲು ಹಾಕುವ ಕೆಲಸ. ವಿಚಾರಣೆಗೆ ಕೂತವರು ಐವರು ಅಧಿಕಾರಿಗಳು, ಐವರ ಮನೆಯ ಕಿಟಕಿಯಲ್ಲೂ ಬೆಳಿಗ್ಗೆ ಹೆಂಡಂದಿರು ಹಾಕಿದ ರಜಾಯಿ. ರಜಾಯಿ ಹಾಕುವುದರಲ್ಲಿ ತಪ್ಪೇನಿದೆ ಎಂದು ಅವರಿಗೆ ಕೊನೆಯತನಕ ಅರ್ಥವಾಗಲಿಲ್ಲ. ‘ಸ್ವಚ್ಛತೆಯ ನಿಯಮ ಪಾಲನೆಯಾಗಿದೆ, ಯಾರದ್ದೂ ದೋಷವಿಲ್ಲ’ ಎಂದು ಬರೆದು ಕಪ್ತಾನನ ಎದೆಗೆ ಪದಕ ಚುಚ್ಚಿದರು.

ಓಲ್ಟ್‌ಮನ್ಸ್‌ಗೆ ಮಾತ್ರ ನಿದ್ದೆ ಹೋಯಿತು. ಒಂದು ಭಾನುವಾರ ಮಧ್ಯಾಹ್ನ ನನ್ನ ರೊಟ್ಟಿಯಂಗಡಿಗೆ ಬಂದ.

“ಫೋಕ್ಕೊನ ಹೆಂಡ್ತಿಗೆ ಹೇಳ್ಬೇಕು. ಜೊತೆಗೆ ಬಾ.”

“ನಿಂಗೆ ತಲೆ ಕೆಟ್ಟಿದೆಯೇನೋ? ಸರ್ಕಾರದ ಕಾಗದ ಬಂದಿದೆ ಅವಳಿಗೆ, ನಾಡಿಗಾಗಿ ಮಡಿದ ಅಂತ. ಬದುಕ್ಕೊಂಡಿರ್ಲಿ ಬಿಡು.”

“ನನ್ನಿಂದ ಸತ್ತ ಕಣೋ. ಅವಳು ಎದುರಿಗೆ ಸಿಕ್ಕಾಗ್ಲೆಲ್ಲ ನಮಸ್ಕಾರ ಮೇಸ್ತ್ರಿ ಅಂತಾಳೆ. ನಂಗೆ ತಡ್ಕೊಳಕ್ಕಾಗಲ್ಲ.”

ಹೋದೆವು. ಟಾಲ್ಕೆ ಹಾರ್ಮ್ಸ್ ಚಹಾ ಇಟ್ಟಳು, ಕಲ್ಲುಸಕ್ಕರೆ ಇಟ್ಟಳು. ಈ ಪುಣ್ಯಾತ್ಮ ಮಂಜಿನಿಂದ ಹಿಡಿದು ಎರಡನೆಯ ಗುಂಡಿನತನಕ ಒಂದನ್ನೂ ಬಿಡದೆ ಹೇಳಿದ. ಅವಳು ಕಿರುಚುತ್ತಾಳೆ, ಬಟ್ಟಲು ಎಸೆಯುತ್ತಾಳೆ ಎಂದು ನಾನು ಬಾಗಿಲ ಹತ್ತಿರವೇ ಕೂತಿದ್ದೆ. ಅವಳು ಸಕ್ಕರೆಯ ಡಬ್ಬಿಗೆ ಮುಚ್ಚಳ ಹಾಕಿದಳು.

“ಫೋಕ್ಕೊನ ರಜಾಯಿನೂ ಹಾಕಿದ್ರಾ ಮೇಸ್ತ್ರಿ, ಅವತ್ತು?”

 

“ಕುಲುಮೆಯೋರಿಗೆ ರಜಾಯಿ ಇರ್ಲಿಲ್ಲ, ಟಾಲ್ಕೆ. ಹುಲ್ಲಿನ ಚೀಲ.”

“ಅದನ್ನ ಹಾಕಿದ್ರಾ?”

“ಅದು ನನ್ನ ಸುಪರ್ದಿಲಿ ಇರ್ಲಿಲ್ಲ.”

“ಅಂದ್ರೆ ಆ ಮೂರು ವಾರ ಅವ್ನು ಒದ್ದೇಲೇ ಮಲಗಿದ್ದ.”

ಓಲ್ಟ್‌ಮನ್ಸ್ ತಲೆ ತಗ್ಗಿಸಿ, “ಹೌದು” ಎಂದ.