ಉಡದಾರದ ಕೀಲಿಕೈ

ಕೀಲಿಕೈ ಗುರುಸಿದ್ದಪ್ಪನ ಸೊಂಟದ ಉಡದಾರದಲ್ಲಿಯೇ ಇತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡದ್ದನ್ನು ಬೈಲಹೊಂಗಲದ ನ್ಯಾಯಾಲಯದಲ್ಲಿ, ಪ್ರಮಾಣ ಮಾಡಿದ ಮೇಲೆ, ಕಂಡಿಲ್ಲವೆನ್ನುವಂತೆ ಹೇಳಿದೆ. ಮರೆವಿನಿಂದ ಆದದ್ದಲ್ಲ, ಯಾರೂ ನನ್ನನ್ನು ಹೆದರಿಸಿಯೂ ಇರಲಿಲ್ಲ. ಆ ಒಂದು ವಾಕ್ಯದಿಂದ ಅಪರಾಧಿಯೊಬ್ಬ ದಂಡ ಕಟ್ಟಿ ಅಂಗಡಿಗೆ ಮರಳಿದ, ಪ್ರಾಮಾಣಿಕ ಮ್ಯಾಜಿಸ್ಟ್ರೇಟರೊಬ್ಬರು ಊರಿನ ಶಾಪ ಹೊತ್ತು ಹೋದರು, ನಾನು — ನಾನು ವಿದ್ವಾಂಸನೆನಿಸಿಕೊಂಡೆ.

ಜೀವನವಿಡೀ ಶಾಸನಗಳ ಕಾಲನಿರ್ಣಯ ಮಾಡಿದವನು ತನ್ನ ತಪ್ಪಿನ ಕಾಲವನ್ನು ಅಂದಾಜಿಗೆ ಬಿಡಬಾರದು. ನ್ಯಾಯಾಲಯದ ಫಲಕದಲ್ಲಿ ‘ಮೈಸೂರು’ ಅಳಿಸಿ ‘ಕರ್ನಾಟಕ’ ಎಂದು ಬರೆದ ಬಣ್ಣ ಇನ್ನೂ ಹೊಸದಾಗಿತ್ತು; ಆದ್ದರಿಂದ ೧೯೭೩ರ ನವೆಂಬರ್ ನಂತರದ್ದು. ಊರಿಗೆ ಊರೇ ಮೆರವಣಿಗೆ ಹೊರಟರೆ ತಡೆಯುವವರಿರಲಿಲ್ಲ; ಆದ್ದರಿಂದ ೧೯೭೫ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಬರುವ ಮೊದಲಿನದು. ಹತ್ತಿ ಗಿರಣಿಗಳು ಹಗಲೂ ರಾತ್ರಿ ನಡೆಯುತ್ತಿದ್ದ ತಿಂಗಳುಗಳು. ಇದಕ್ಕಿಂತ ಖಚಿತವಾದ ದಿನಾಂಕಕ್ಕೆ ಆಧಾರ ದೊರೆತಿಲ್ಲ, ಆಧಾರವಿಲ್ಲದ್ದನ್ನು ಬರೆಯಲಾರೆ.

ಆಗ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸದ ಉಪನ್ಯಾಸಕ. ಭಾನುವಾರಗಳಂದು ಹೂಲಿಗೆ ಹೋಗಿ ಗುಡಿಗಳ ಶಾಸನಗಳ ಮೇಲೆ ಒದ್ದೆ ಕಾಗದ ಹಚ್ಚಿ, ಮಸಿ ಬಳಿದು, ಅಚ್ಚು ತೆಗೆದುಕೊಂಡು ಬರುತ್ತಿದ್ದೆ. ಊಟ ಪಾರವ್ವನ ಖಾನಾವಳಿಯಲ್ಲಿ. ಆಕೆ ವಿಧವೆ, ಗಿರಣಿಗೆ ಹೋಗುವ ಮಗ ಮಲ್ಲೇಶಿ, ಸಾಲೆಗೆ ಹೋಗುವ ಮಗಳು ನೀಲವ್ವ. ನನ್ನ ಕರಿಗೈ ಕಂಡೊಡನೆ ಪಾರವ್ವನ ಮಾತು ಶುರುವಾಗುತ್ತಿತ್ತು:

“ಕಲ್ಲ ಓದಿ ಬಂದ್ರೇನ್ರಿ ಸರ? ಮದಲ ಕೈ ತೊಳಕೊಳ್ರಿ. ಇಲ್ಲಾಂದ್ರ ನಮ್ಮ ರೊಟ್ಟಿ ಮ್ಯಾಲೂ ಶಾಸನಾ ಮೂಡತೈತಿ!”

ಬಿಸಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಬಟ್ಟಲು ತುಂಬ ಮೊಸರು. ಅಷ್ಟು ಸುಖವಾಗಿ ನಾನು ಮತ್ತೆಲ್ಲಿಯೂ ಉಂಡಿಲ್ಲ. ಇದನ್ನು ಬರೆಯುವಾಗಲೂ ಸುಖವೇ ಮೊದಲು ನೆನಪಾಗುತ್ತದೆ — ಅದನ್ನೂ ಮುಚ್ಚಿಡುವುದಿಲ್ಲ.

ಆ ವರ್ಷ ಬಜಾರದಲ್ಲಿ ನಿದ್ರೆಯ ಗುಳಿಗೆಗಳ ಕಳ್ಳ ವ್ಯಾಪಾರ ಬೆಳೆದಿತ್ತು. ಗುರುಸಿದ್ದಪ್ಪನದು ಕಿರಾಣಿ ಅಂಗಡಿ. ಬೆಲ್ಲ, ಬೇಳೆಗಳ ಹಿಂದೆ ಗಾಂಜಾ ಮತ್ತು ಗುಳಿಗೆಯ ಪುಡಿಕೆಗಳು. ರಾತ್ರಿ ಪಾಳಿ ಮುಗಿಸಿದ ಹುಡುಗರು ಚಹಾದ ಜೊತೆ ನುಂಗಿ, ಹತ್ತಿ ತುಂಬಿದ ಅಂಡಿಗೆಗಳ ನಡುವೆಯೇ ಒರಗುತ್ತಿದ್ದರು. ಕೆಲವರು ಎಚ್ಚರವಾಗಲಿಲ್ಲ. ಒಂದು ಮುಂಜಾನೆ ಮಲ್ಲೇಶಿಯೂ ಎಚ್ಚರವಾಗಲಿಲ್ಲ. ಹಿಟ್ಟು ನಾದುತ್ತಿದ್ದ ಕೈಯಲ್ಲಿಯೇ ಪಾರವ್ವ ಮಗನ ಭುಜ ಹಿಡಿದು ಅಲುಗಿಸುತ್ತಿದ್ದಳು; ಅವನ ಅಂಗಿಯ ಮೇಲೆಲ್ಲ ಜೋಳದ ಹಿಟ್ಟು.

ಇದಾದ ಮೇಲೆ ಪೊಲೀಸರು ದಾಳಿ ಮಾಡಿದರು. ಜಪ್ತಿ ಮಾಡುವಾಗ ಊರಿನ ಇಬ್ಬರನ್ನು ಪಂಚರೆಂದು ನಿಲ್ಲಿಸಿ, ಅವರು ಕಂಡದ್ದಕ್ಕೆ ಸಹಿ ಹಾಕಿಸಿಕೊಳ್ಳುವುದು ಪದ್ಧತಿ. ಕಾಲೇಜಿನಿಂದ ಬರುತ್ತಿದ್ದ ನನ್ನನ್ನು ಫೌಜದಾರರು ಕರೆದರು: “ಬರ್ರಿ ಸರ, ಕಲತವರು ಪಂಚರಾದ್ರ ವಕೀಲರ ಆಟ ನಡ್ಯಂಗಿಲ್ಲ.” ಅಂಗಡಿಯ ಒಳಗೆ ಬೀಗ ಹಾಕಿದ ಕಟ್ಟಿಗೆಯ ಕಪಾಟು.

“ಕಪಾಟ ತಗೀರಿ ಗುರುಸಿದ್ದಪ್ಪಾರ.”

“ಕೀಲಿಕೈ ಆಳಿನ ಹತ್ರ ಐತ್ರಿ ಸಾಹೇಬ್ರ. ಆಂವ ಊರಿಗೆ ಹೋಗ್ಯಾನ.”

“ಹೌದ? ಹಂಗಾರ ನಿಮ್ಮ ಧೋತ್ರದಾಗ ಗಿಲ್ ಗಿಲ್ ಅನ್ನಾಕತ್ತಿದ್ದು ಗೆಜ್ಜಿ ಏನ್ರಿ?”

ನಿಂತ ಪೊಲೀಸರೆಲ್ಲ ನಕ್ಕರು, ನಾನೂ ನಕ್ಕೆ. ಫೌಜದಾರರು ಅವನ ಅಂಗಿ ಎತ್ತಿದರು. ಬೆಳ್ಳಿಯ ಉಡದಾರದಲ್ಲಿ ಹಿತ್ತಾಳೆಯ ಕೀಲಿಕೈ. ಅದರಿಂದಲೇ ಕಪಾಟು ತೆರೆಯಿತು; ಒಳಗೆ ಪುಡಿಕೆಗಳ ರಾಶಿ. ಅವಸರದಲ್ಲಿ ಬರೆದ ಪಂಚನಾಮೆಯಲ್ಲಿ ಕಪಾಟಿನ ಮಾತು ಬಂತು, ಕೀಲಿಕೈ ಎಲ್ಲಿತ್ತೆಂಬುದು ಬಿಟ್ಟುಹೋಯಿತು. ನಾನು ಓದಿಯೇ ಸಹಿ ಹಾಕಿದೆ. ಬಿಟ್ಟುಹೋದದ್ದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಈಗ ತಾಮ್ರಪಟಗಳ ಮಾತು. ನೇಸರಗಿಯಲ್ಲಿದ್ದ ಗುರುಸಿದ್ದಪ್ಪನ ಹಿರಿಯರ ಮನೆಯಲ್ಲಿ, ದೇವರ ಜಗಲಿಯ ಮೇಲೆ, ಬಳೆಯಲ್ಲಿ ಪೋಣಿಸಿದ ಹಳೆಯ ದಾನಶಾಸನವೊಂದಿತ್ತು. ಯಾವ ವಿದ್ವಾಂಸರೂ ಅದನ್ನು ಓದಿರಲಿಲ್ಲ. ನಾನು ಹಲವು ಸಲ ಬೇಡಿಕೊಂಡಿದ್ದೆ. ದೇವರ ಸಾಮಾನು ಹೊರಗಿನವರ ಕೈಗೆ ಕೊಡುವುದಿಲ್ಲವೆಂದು ಬಾಗಿಲಿನಿಂದಲೇ ಕಳುಹಿಸಿದ್ದರು. ವಿಚಾರಣೆಗೆ ಸ್ವಲ್ಪ ಮೊದಲು, ಜಾಮೀನಿನ ಮೇಲಿದ್ದ ಗುರುಸಿದ್ದಪ್ಪನೇ ಕರೆಕಳುಹಿಸಿದ. ಹೋದೆ. ಹೋಗಬಾರದಿತ್ತು ಎಂಬ ಅರಿವು ಬಸ್ಸಿನಲ್ಲಿಯೇ ಇತ್ತು.

“ಬರ್ರಿ ಸರ, ಕೂಡ್ರಿ. ನಿಮ್ಮ ಪಟಾ ತಗದ ಇಟ್ಟೇನಿ. ಎಷ್ಟ ದಿನಾ ಬೇಕ ಅಷ್ಟ ದಿನಾ ಇಟ್ಕೊಂಡ ಓದ್ರಿ.” ಚಹಾ ಮುಗಿದ ಮೇಲೆ ಮೆಲ್ಲಗೆ ಹೇಳಿದ: “ಕೋರ್ಟಿನ್ಯಾಗ ನಿಮಗ ಪಕ್ಕಾ ನೆನಪ ಇದ್ದಷ್ಟ ಹೇಳ್ರಿ. ಪಕ್ಕಾ ಇಲ್ದದ್ದು ಹೇಳಬ್ಯಾಡ್ರಿ. ಅಷ್ಟ ನೋಡ್ರಿ, ಮತ್ತೇನಿಲ್ಲ.”

ಅವನು ಸುಳ್ಳು ಹೇಳೆನ್ನಲಿಲ್ಲ. ನನ್ನ ಕಸುಬಿನ ಭಾಷೆಯಲ್ಲಿಯೇ ಕೇಳಿದ. ಸಂದೇಹವಿದ್ದಲ್ಲಿ ನಿರ್ಣಯ ಕೊಡಬಾರದೆಂದು ವಿದ್ಯಾರ್ಥಿಗಳಿಗೆ ಕಲಿಸುತ್ತಿದ್ದವನು ನಾನೇ ಅಲ್ಲವೇ? ಆದರೆ ನನಗೆ ಸಂದೇಹವಿರಲಿಲ್ಲ. ಇಲ್ಲದ ಸಂದೇಹವನ್ನು ನಾನು ಹುಟ್ಟಿಸಿಕೊಂಡೆ. ಬೇಕೆಂದೇ. ಅಂದು ಸಂಜೆ ಪಟಗಳನ್ನು ಮಡಿಲಲ್ಲಿಟ್ಟುಕೊಂಡು ಬೈಲಹೊಂಗಲಕ್ಕೆ ಮರಳುವಾಗ ನನಗಾದ ಸಂತೋಷ… ಅದಕ್ಕೆ ಸಮನಾದದ್ದು ಆಮೇಲೆ ಆಗಿಲ್ಲ.

ಇನ್ನೊಬ್ಬ ಪಂಚ ಸಾಕ್ಷಿಗೆ ಬರಲೇ ಇಲ್ಲ. ಫೌಜದಾರರ ಮಾತೊಂದನ್ನೇ ನಂಬಲು ನ್ಯಾಯಾಲಯ ಸಿದ್ಧವಿರಲಿಲ್ಲ. ಕಪಾಟು ಓಡಿಹೋದ ಆಳಿನದೆಂದು ಆರೋಪಿಯ ವಕೀಲರ ವಾದ. ಹೀಗಾಗಿ ಎಲ್ಲವೂ ನನ್ನ ಮೇಲೆ ನಿಂತಿತು. ಕೀಲಿಕೈ ಯಾರ ಬಳಿ ಇತ್ತೆಂದು ಸರಕಾರಿ ವಕೀಲರು ಕೇಳಿದರು.

“ನಿಶ್ಚಿತವಾಗಿ ಹೇಳಲಾರೆ.”

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ನನ್ನತ್ತ ನೋಡಿದರು. ಕರಾವಳಿಯ ಕಡೆಯವರು, ಮೆದು ಮಾತು. “ಅವಸರವಿಲ್ಲ. ಇನ್ನೊಮ್ಮೆ ನೆನಪು ಮಾಡಿಕೊಂಡು ಹೇಳಿ. ನಿಮ್ಮ ಮಾತಿನ ಮೇಲೆ ಬಹಳ ನಿಂತಿದೆ.”

ಅವರು ನನಗೆ ದಾರಿ ಬಿಟ್ಟುಕೊಟ್ಟರು. ನಾನು ಅದೇ ವಾಕ್ಯವನ್ನು ಎರಡನೆಯ ಸಲ ಹೇಳಿದೆ.

ದಾಳಿಯಲ್ಲಿ ಕಪಾಟಿನ ಹೊರಗೆ ಒಂದು ಡಬ್ಬಿಯಲ್ಲಿ ಸಿಕ್ಕ ಕೆಲವು ಗುಳಿಗೆಗಳಿಗಾಗಿ ದಂಡ ವಿಧಿಸಿ, ಕಪಾಟಿನ ಆರೋಪವನ್ನು ಅವರು ತಳ್ಳಿಹಾಕಿದರು. ಇದ್ದ ಸಾಕ್ಷ್ಯದ ಮೇಲೆ ಬೇರೆ ತೀರ್ಪು ಸಾಧ್ಯವಿರಲಿಲ್ಲ. ಆದರೆ ಊರು ಕಂಡದ್ದು ಇಷ್ಟೇ: ಮಕ್ಕಳು ಸತ್ತರು, ಮಾರಿದವನು ಅದೇ ದಿನ ಅಂಗಡಿ ತೆರೆದ. ಬಜಾರ ಬಂದ್ ಆಯಿತು. ಸವದತ್ತಿ, ರಾಮದುರ್ಗಗಳಿಂದಲೂ ಜನ ಬಂದರು. ಮೆರವಣಿಗೆಯ ಮುಂದೆ ಒಬ್ಬ ಹಮಾಲ ಕೂಗುತ್ತಿದ್ದ: “ಕೋರ್ಟಲ್ಲೋ ಇದು, ಜಕಾತಿ ನಾಕಾ! ರೊಕ್ಕಾ ಕಟ್ಟು, ಗಾಡಿ ಬಿಡು!” ಮೆರವಣಿಗೆಯ ಕೊನೆಗೆ ನಡೆದ ಸಭೆಯಲ್ಲಿ ನನ್ನನ್ನು ವೇದಿಕೆಗೆ ಕರೆದರು. ಹತ್ತಿದೆ. ಇಷ್ಟು ಸಡಿಲವಾದ ಶಿಕ್ಷೆ ಕೊಡುವ ನ್ಯಾಯಾಧೀಶರು ಊರಿಗೆ ಬೇಕೇ ಎಂದು ಕೇಳಿದೆ. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಸುಳ್ಳು ಸಾಕ್ಷಿ ಹೇಳಿದ್ದು ಒಂದು ಪಾಪ. ಇದು ಅದಕ್ಕಿಂತ ದೊಡ್ಡದು. ಇದನ್ನು ನನ್ನಿಂದ ಯಾರೂ ಬೇಡಿರಲಿಲ್ಲ.

ಫೌಜದಾರರು ತಮ್ಮ ಪಂಚನಾಮೆಯ ಲೋಪ ಬಯಲಾದೀತೆಂದು ಬಾಯಿ ಬಿಡಲಿಲ್ಲ. ಅವರನ್ನು ಬಿಟ್ಟರೆ ನ್ಯಾಯಾಲಯದ ಒಳಗೆ ನಾನು ಹೇಳಿದ್ದೇನೆಂದು ಊರಿನಲ್ಲಿ ತಿಳಿದವರು ವಕೀಲರಿಬ್ಬರೇ. ನೆನಪಿರದ್ದನ್ನು ಹೇಳದ ಮನುಷ್ಯನೆಂದು ಅವರೂ ನನ್ನನ್ನು ಮೆಚ್ಚಿಕೊಂಡರು. ಪಾರವ್ವನಿಗೆ ಏನೂ ತಿಳಿಯಲಿಲ್ಲ. ಅಂದು ರಾತ್ರಿ ತಾಟಿಗೆ ರೊಟ್ಟಿ ಹಾಕುತ್ತ ಅಂದಳು: “ನಿಮ್ಮಂಥವರು ಸಾಕ್ಷಿ ಹೇಳಿದ್ರೂ ಆ ಸಾಹೇಬ ಕಿವೀಗೆ ಹಾಕ್ಕೊಳ್ಳಲಿಲ್ಲ ನೋಡ್ರಿ ಸರ. ಅವನ ಹೊಟ್ಟೀಗೆ ಬೆಂಕಿ ಬೀಳ್ಲಿ. ನೀವ ಉಣ್ರಿ.” ನಾನು ಉಂಡೆ.

ಸ್ವಲ್ಪ ದಿನಗಳಲ್ಲಿ ಮ್ಯಾಜಿಸ್ಟ್ರೇಟರಿಗೆ ವರ್ಗವಾಯಿತು. ಜನರ ಕೂಗಿನಿಂದಲೋ, ಕ್ರಮದಂತೆಯೋ — ಆಧಾರ ಸಿಕ್ಕಿಲ್ಲ. ತಾಮ್ರಪಟಗಳ ಮೇಲಿನ ಪ್ರಬಂಧದಿಂದ ನನಗೆ ಹೆಸರು ಬಂತು. ಹೆಸರಿನಿಂದ ಒಳ್ಳೆಯ ಕೆಲಸ ಸಿಕ್ಕಿತು. ಈಗ ಕಿತ್ತೂರಿನಲ್ಲಿದ್ದೇನೆ. ಕಣ್ಣು ಚೆನ್ನಾಗಿದೆ, ಮುಂಜಾನೆಯ ಬಿಸಿಲು ನೇರವಾಗಿ ಮೇಜಿನ ಮೇಲೆ ಬೀಳುತ್ತದೆ, ಓದಿದ್ದು ರುಚಿಸುತ್ತದೆ. ಈ ತಪ್ಪು ನನ್ನನ್ನು ವರ್ಷಗಟ್ಟಲೆ ಸುಟ್ಟಿತೆಂದು ಬರೆದರೆ ಅದು ಇನ್ನೊಂದು ಸುಳ್ಳು ಸಾಕ್ಷಿಯಾದೀತು. ಸುಡಲಿಲ್ಲ. ನಾನು ಬಹುಮಟ್ಟಿಗೆ ತೃಪ್ತನಾಗಿಯೇ ಬದುಕಿದೆ. ನನ್ನ ಲೇಖನಗಳನ್ನು ಮತ್ತೆ ಅಚ್ಚು ಹಾಕುವವರು ಆ ಪ್ರಬಂಧಕ್ಕೆ ಹಿನ್ನೆಲೆ ಬರೆಯಿರೆಂದಾಗ, ಪಟಗಳು ನನ್ನ ಕೈಗೆ ಹೇಗೆ ಬಂದವೆಂದು ಬರೆಯಲು ಕುಳಿತೆ. ಕೈ ಮುಂದೆ ಹೋಗಲಿಲ್ಲ. ಮೊದಲು ಇದನ್ನು ಕೇಳಬೇಕಾದವರು ಬೇರೆ ಇದ್ದರು.

ಪಾರವ್ವ ತೀರಿಕೊಂಡು ಬಹಳ ವರ್ಷಗಳಾಗಿವೆ. ಖಾನಾವಳಿಯನ್ನು ಈಗ ನೀಲವ್ವ ನಡೆಸುತ್ತಾಳೆ. ಹೋದ ತಿಂಗಳು ಬೈಲಹೊಂಗಲಕ್ಕೆ ಹೋಗಿ, ಊಟದ ಗದ್ದಲ ಮುಗಿಯುವವರೆಗೆ ಕಾಯ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮನಸ್ಸು ಹಗುರವಾಗುತ್ತ ಬಂತು. ಆಕೆ ಬೈಯುವಳೆಂದು, ಅಳುವಳೆಂದು ಸಿದ್ಧನಾಗಿದ್ದೆ.

ನೀಲವ್ವ ತನ್ನ ಬಲಗೈಯನ್ನೇ ನೋಡಿಕೊಂಡಳು.

“ಆ ಮೆರವಣಿಗಿ ದಿನಾ ನಾವ ಹುಡುಗ್ಯಾರು ಕೋರ್ಟ ಸಾಹೇಬ್ರ ಮನೀ ಮುಂದ ಹೋಗಿದ್ವಿರಿ. ಅವರ ಹೆಂಡ್ತಿ ಅಂಗಳದಾಗ ಅರಿವಿ ಒಣಾ ಹಾಕಾಕತ್ತಿದ್ರು. ನಾ ಒಂದ ಕಲ್ಲ ಒಗದ್ನಿ. ಹಣಿಗೆ ಬಡೀತು. ಪಾಪ, ರಕ್ತಾ ಒರಸ್ಕೋತ ಒಳಗ ಹೋದ್ರು.” ಆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಅಂದಳು: “ನಮ್ಮಣ್ಣನ ಸಲುವಾಗಿ ನನ್ನ ಕೈಲೆ ಅಷ್ಟರ ಆತು ಅಂತ ಇಷ್ಟ ವರ್ಷ ಸಮಾಧಾನ ಇತ್ರಿ ಸರ. ಇವತ್ತ ಅದನ್ನೂ ತಗೊಂಡ್ರಿ.”

ನಾನು ಎದ್ದು ಚಪ್ಪಲಿ ಮೆಟ್ಟಿದೆ.

ಹೊರಡುವಾಗ ಬಾಗಿಲವರೆಗೆ ಬಂದಳು. “ಆ ಸಾಹೇಬ್ರ ಹೆಂಡ್ತಿ ಇನ್ನೂ ಬದಕಿದ್ರ ನಾ ಅವರ ಕಾಲ ಹಿಡೀಬೇಕ್ರಿ. ನೀವ ಹುಡುಕೂದ್ರಾಗ ಶಾಣ್ಯಾರು. ಹುಡುಕ್ರಿ. ಸಿಕ್ಕ ಮ್ಯಾಲೆ ಒಬ್ರ ಹೋಗಬ್ಯಾಡ್ರಿ, ನನ್ನೂ ಕರಕೊಂಡ ಹೋಗ್ರಿ.”

ಹುಡುಕುತ್ತಿದ್ದೇನೆ. ಆ ಮನೆಯವರ ಒಪ್ಪಿಗೆಯಿಲ್ಲದೆ ಮ್ಯಾಜಿಸ್ಟ್ರೇಟರ ಹೆಸರನ್ನು ಇಲ್ಲಿ ಅಚ್ಚು ಮಾಡಿಸಿಲ್ಲ. ಆದರೆ ಈ ಬರಹ ಓದಿದ ಯಾರಿಗಾದರೂ, ತಮ್ಮ ಮನೆಯ ಹಿರಿಯರೊಬ್ಬರು ಬೈಲಹೊಂಗಲದಿಂದ ಹೀಗೆ ಬೈಸಿಕೊಂಡು ಬಂದರೆಂಬ ನೆನಪಿದ್ದರೆ, ಅಥವಾ ಹಣೆಯ ಮೇಲೆ ಹಳೆಯ ಗಾಯವಿರುವ ಅಜ್ಜಿಯೊಬ್ಬರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ತಿಳಿಸಿ. ನಾವು ಇಬ್ಬರು ಬರುತ್ತೇವೆ.