ಮೌನೇಶಣ್ಣನ ಬಟ್ಟೆ ಗೋಡೆ

ಮೌನೇಶಣ್ಣ ಯಾವ ಗೋಡೆಯನ್ನೂ ಬಡಿದು ನೋಡದೆ ನಂಬುತ್ತಿರಲಿಲ್ಲ. ಗಲ್ಫಿನಲ್ಲಿ, ಮಂಗಫ್‌ನ ನಮ್ಮ ಫ್ಲ್ಯಾಟಿಗೆ ಮೊದಲ ಸಲ ಊಟಕ್ಕೆ ಬಂದವರು ಚಪ್ಪಲಿ ಬಿಡುವ ಮೊದಲೇ ಬೆರಳು ಮಡಿಸಿ ಟಕ್ ಟಕ್ ಎಂದು ಗೋಡೆ ಬಡಿದರು. "ಪೊಳ್ಳ ಐತಿ ನೋಡ್ರಿ ಅಕ್ಕಾರ, ಮೊಳಿ ಹೊಡೀಬ್ಯಾಡ್ರಿ" ಎಂದು ಹೇಳಿ ಆಮೇಲೆ ಕೈ ತೊಳೆದರು. ನನ್ನ ಗಂಡ ಅದಕ್ಕೆ ವಾರವಿಡೀ ನಕ್ಕರು.

ಮೌನೇಶಣ್ಣ ಗದಗ ಕಡೆಯ ಬಡಿಗೇರ ಮನೆತನದವರು. ಶುವೈಖ್‌ನಲ್ಲಿದ್ದ ನಮ್ಮ ಕಂಪನಿ ವಸ್ತುಪ್ರದರ್ಶನಗಳಿಗೆ ಸ್ಟಾಲ್ ಕಟ್ಟಿಕೊಡುತ್ತಿತ್ತು. ಅವರು ಹಲಗೆಯ ಗೋಡೆ ನಿಲ್ಲಿಸುವವರು, ನಾನು ಅದರ ಮೇಲೆ ಅಂಟಿಸುವ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಮಾಡುವವಳು. ನಾನೋ ಮಂಗಳೂರಿನವಳು, ಮನೆಮಾತು ಕೊಂಕಣಿ. ನಾನು "ಉಂಟು" ಎಂದರೆ ಸಾಕು, "ಉಂಟೋ ಗಂಟೋ? ಎಷ್ಟ ಗಂಟ್ರಿ?" ಎಂದು ಕಾಡಿಸುತ್ತಿದ್ದರು. ಮೂರು ದಿನದ ಪ್ರದರ್ಶನಕ್ಕೆ ಕಟ್ಟಿದ ಗೋಡೆಯನ್ನೂ ಮದುವೆಯ ಮಂಚದಷ್ಟು ನಯ ಮಾಡುವರು. "ಒಡೆಯುವ ಗೋಡೆಗೆ ಎಂತಕ್ಕೆ ಇಷ್ಟು?" ಎಂದು ಕೇಳಿದರೆ, "ಮೂರು ದಿನಾನೂ ದಿನಾನಽ ಅಲ್ಲೇನ್ರಿ?" ಎನ್ನುತ್ತಿದ್ದರು.

ಬಟ್ಟೆಯ ಗೋಡೆಗಳು ಬಂದದ್ದು ಆಮೇಲೆ. ಅಲ್ಯೂಮಿನಿಯಂ ಚೌಕಟ್ಟು, ಅದಕ್ಕೆ ಎಳೆದು ಬಿಗಿಯುವ, ಗೋಡೆಯಷ್ಟೇ ದೊಡ್ಡ ಪ್ರಿಂಟಾದ ಬಟ್ಟೆ, ಹಿಂದೆ ದೀಪ. ಲಾರಿ ತುಂಬುತ್ತಿದ್ದ ಸ್ಟಾಲ್ ಈಗ ಚೀಲದಲ್ಲಿ ಮಡಚಿ ಕೂರುತ್ತಿತ್ತು. ಮೌನೇಶಣ್ಣ ಬಡಿದು ನೋಡಿದರು, ಸದ್ದೇ ಬರಲಿಲ್ಲ. "ಇದು ಗ್ವಾಡಿ ಅಲ್ರಿ, ಪರದೆ" ಎಂದು ಮುಖ ತಿರುಗಿಸಿದರು.

ಮ್ಯಾನೇಜರು ನಗಲಿಲ್ಲ. ಒಂದು ಖರ್ಜೂರದ ಕಂಪನಿಯ ಸ್ಟಾಲನ್ನು ಬಟ್ಟೆಯಲ್ಲೇ ಮಾಡಿ ನೋಡೋಣ, ಚೆನ್ನಾಗಿ ಬಂದರೆ ಬಡಗಿ ವಿಭಾಗ ಖಲಾಸ್ ಎಂದು ಎಲ್ಲರೆದುರೇ ಹೇಳಿದ. ಮೌನೇಶಣ್ಣನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ಇದ್ದದ್ದೇ ಬಡಗಿ ಕೆಲಸದ ಮೇಲೆ. ಊರಿನಲ್ಲಿ ಮಗಳ ನರ್ಸಿಂಗ್ ಓದು ಮುಗಿಯುವವರೆಗಾದರೂ ಇಲ್ಲಿ ನಿಲ್ಲಬೇಕು ಎಂಬುದೊಂದೇ ಅವರ ಹಂಬಲ. ಸಾಲದ್ದಕ್ಕೆ ಆ ಸ್ಟಾಲಿನ ಚೌಕಟ್ಟು ಜೋಡಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟಿದ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಸ್ಕ್ರೂ ಡ್ರೈವರ್ ಎತ್ತಿಕೊಂಡು ಹೋದರು.

ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ ಹಾಲ್‌ನಿಂದ ಫೋನ್ ಬಂತು. "ಅಕ್ಕಾರ, ನಡುವಿನ ಬಟ್ಟಿ ಮ್ಯಾಲ ಎಣ್ಣಿ ಕಲಿ ಬಿದ್ದೈತಿ. ಹೊಳ್ಳಿ ಪ್ರಿಂಟ್ ಮಾಡಸ್ರಿ."

"ತಿರುಗಿಸಿ ಪ್ರಿಂಟ್ ಮಾಡುದಾ?"

"ಹೌದ್ರಿ, ತಿರುಗಿ. ಹೊಳ್ಳಿ!"

'ಹೊಳ್ಳಿ' ನಮ್ಮ ಕಡೆ ಇಲ್ಲದ ಮಾತು. ಅವರು ಹೇಳಿದ್ದು 'ಇನ್ನೊಮ್ಮೆ' ಎಂದು, ನನಗೆ ಕೇಳಿದ್ದು 'ಮಗುಚಿ ಹಾಕಿ' ಎಂದು. ದೀಪ ಹಿಂದಿನಿಂದ ಬರುತ್ತದಲ್ಲ, ಅದಕ್ಕೇ ಇರಬೇಕು ಎಂದು ಚಿತ್ರವನ್ನು ಎಡಬಲ ಮಾಡಿ ಪ್ರಿಂಟಿಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಬಟ್ಟೆ ಬಿಗಿದು ನೋಡಿದರೆ ಅರಬ್ಬಿ ಹೆಸರು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿ ನಿಂತಿದೆ! ಬಾಗಿಲು ತೆರೆಯುವ ಹೊತ್ತು ಹತ್ತಿರವಾಗಿತ್ತು. "ಈ ಬಟ್ಟೆಯ ಸಹವಾಸ ಸಾಕು, ಹಲಗೆ ತನ್ನಿ" ಎಂದು ಮ್ಯಾನೇಜರು ಕೂಗಿದ. ಹೊರಗೆ ಲಾರಿಯಲ್ಲಿ ಹಲಗೆಗಳು ಇದ್ದವು, ಇರಲಿ ಎಂದು ಮೌನೇಶಣ್ಣನೇ ಹೇರಿಸಿ ತಂದಿದ್ದರು. ಅವರು ಬಾಗಿಲ ತನಕ ಹೋದರು. ಅಲ್ಲಿಂದ ತಿರುಗಿ ಬಟ್ಟೆಯನ್ನೊಮ್ಮೆ ನೋಡಿದರು. ವಾಪಸ್ ಬಂದವರೇ ಅಂಚು ಹಿಡಿದು ಬಟ್ಟೆಯನ್ನು ಬಿಚ್ಚಿ, ಒಳಗಿನದನ್ನು ಹೊರಗೆ ಮಾಡಿ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಚೌಕಟ್ಟಿಗೆ ಸೇರಿಸಿದರು. "ದೀಪಾ ಹಚ್ರಿ" ಎಂದರು.

ಬಣ್ಣ ಬಟ್ಟೆಯ ಬೆನ್ನಿಗೂ ಇಳಿದಿತ್ತು. ಬೆಳಕು ಬಿದ್ದದ್ದೇ ಹೆಸರು ನೆಟ್ಟಗೆ ನಿಂತಿತು. ಚಿತ್ರದ ಖರ್ಜೂರ ಬಣ್ಣ ತೆಳುವಾಗಿ ಕೊಂಚ ಕಾಯಿಯಾದಂತೆ ಕಂಡಿತು, ಅಷ್ಟೆ. "ಹಲಗಿಗೆ ಬೆನ್ನಾಗ ಬಣ್ಣ ಇರೂದಿಲ್ರಿ. ಬಟ್ಟಿ ಶ್ಯಾಣ್ಯಾ ಐತಿ" ಎಂದು ಮೌನೇಶಣ್ಣ ಕೈ ಒರೆಸಿಕೊಂಡರು. ಖರ್ಜೂರದವರು ಮೆಚ್ಚಿ ಮೆಚ್ಚಿ ಹೋದರು.

ಮೆಚ್ಚಿದ್ದೇ ಮುಳುವಾಯಿತು. ನಂತರದ ಆರ್ಡರುಗಳೆಲ್ಲ ಬಟ್ಟೆಯವೇ, ಕೆಲವು ತಿಂಗಳಲ್ಲಿ ಬಡಗಿ ವಿಭಾಗ ಮುಚ್ಚಿತು. ಅವರು ಹೊರಡುವ ವಾರ ಗೋದಾಮಿಗೆ ಹೋದೆ. ಗುಜರಿಯವರು ಬಂದು ಒಡೆಯುವುದು ಬೇಡವೆಂದು ತಮ್ಮ ಹಳೆಯ ಗೋಡೆಗಳ ಮೊಳೆಗಳನ್ನು ತಾವೇ ಕೀಳುತ್ತ ಕೂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಆವತ್ತು ಹಲಗೆ ತಂದು ಹಾಕಿದ್ರೆ ಆಗಿತ್ತಲ್ಲ ಮಾರಾಯ್ರೆ. ನೀವೇ ಯಾಕೆ ಸರಿ ಮಾಡ್ಲಿಕ್ಕೆ ಹೋದದ್ದು?"

ಅವರು ಇನ್ನೊಂದು ಮೊಳೆ ಕಿತ್ತರು. "ಮಗಳ ನೆನಪು ಬಂದಿತ್ರಿ, ಸುಳ್ಳ್ಯಾಕ ಹೇಳ್ಲಿ. ಲಾರಿ ಕಡೆ ಹೊಂಟೂ ಬಿಟ್ಟಿದ್ದೆ. ಆದ್ರ ಆ ಸ್ಟಾಲ್ ನಿಲ್ಲಿಸಿದಾಂವಾ ನಾನಽ ಅಲ್ಲೇನ್ರಿ ಅಕ್ಕಾರ? ಸರಿ ಆಕ್ಕೈತಿ ಅಂತ ಗೊತ್ತಿದ್ದೂ ಹ್ಯಾಂಗ ಬಿಟ್ಟು ಹೋಗ್ಲಿ?"

ಪಕ್ಕದಲ್ಲಿ ಕೂತು ಕಿತ್ತ ಮೊಳೆಗಳನ್ನು ಡಬ್ಬಿಗೆ ಹಾಕಿದೆ. ಶುಕ್ರವಾರ ಅವರು ಊರಿಗೆ ಹೊರಟುಹೋದರು. ಅವರು ಕೆಲಸ ಮಾಡುತ್ತಿದ್ದ ಜಾಗಕ್ಕೆ ಬಟ್ಟೆ ಪ್ರಿಂಟ್ ಮಾಡುವ ಇನ್ನೂ ದೊಡ್ಡ ಯಂತ್ರ ಬಂದು ಕೂತಿತು. ಅದರಲ್ಲಿ ಮೊದಲ ಗೋಡೆ ಪ್ರಿಂಟ್ ಮಾಡಿಸಿದ್ದು ನಾನೇ.