ಆರಬೇಕಾದ ದೀಪ

ಇಜೇರಿಯ ಬಸವೇಶ್ವರಿ ಬೆಳಿಗ್ಗೆ ಏಳೂವರೆಗೆ ವ್ಯಾನಿನ ಹಾರ್ನ್ ಒತ್ತಿದರೆ ಎಂಟು ಮನೆಗಳಿಂದ ಎಂಟು ಹೆಂಗಸರು ಹೊರಗೆ ಬರುತ್ತಾರೆ. ಜೇವರ್ಗಿಯ ಆಸ್ಪತ್ರೆಯ ಆಯಾಗಳು, ಶಾಲೆಗಳಲ್ಲಿ ಬಿಸಿಯೂಟ ಬೇಯಿಸುವವರು, ಬಳೆ ಅಂಗಡಿಯ ಪ್ಯಾರಿಬಿ. ಆ ಹೊತ್ತಿಗೆ ಅವರೆಲ್ಲ ಮನೆಯಲ್ಲಿ ಒಂದು ದಿನದ ಕೆಲಸ ಮುಗಿಸಿ ಆಗಿರುತ್ತದೆ. ವ್ಯಾನಿನ ಮುಕ್ಕಾಲು ಗಂಟೆ ಮಾತ್ರ ಯಾರೂ ಅವರನ್ನು ಏನೂ ಕೇಳದ ಹೊತ್ತು. ಕೆಲವರು ಮಾತಾಡುತ್ತಾರೆ, ಹೆಚ್ಚಿನವರು ನಿದ್ದೆ ಮಾಡುತ್ತಾರೆ.

ವ್ಯಾನು ಮೊದಲು ಗಂಡ ಜಗದೇವಪ್ಪನ ಕೈಯಲ್ಲಿತ್ತು. ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿದಾಗ ಮೈದುನ ಗುರಣ್ಣ, "ಮಾರಿಬಿಡ್ರಿ" ಎಂದ. ಬಸವೇಶ್ವರಿ, "ನಾ ಕಲೀತೇನಿ" ಎಂದಳು. ಕಲಿತಳು, ಲೈಸೆನ್ಸ್ ತಂದಳು. ಅವಳು ಸ್ಟೇರಿಂಗ್ ಹಿಡಿದ ಮೊದಲ ಬೆಳಿಗ್ಗೆ ಅತ್ತೆ ಶಾರದಾಬಾಯಿ, ಎಪ್ಪತ್ತು ದಾಟಿದವಳು, ಒಲೆಯ ಮುಂದೆ ಹೋಗಿ ಕೂತು ರೊಟ್ಟಿ ಬಡಿಯತೊಡಗಿದಳು. ಸೊಸೆ ಮನೆಗೆ ಬಂದಾಗ ಅವಳಿಗೆ ಬಿಟ್ಟುಕೊಟ್ಟಿದ್ದ ಜಾಗ ಅದು. ಜಗದೇವಪ್ಪನಿಗೂ ಎರಡು ಕೈಗಳಿದ್ದವು. ಆ ಮನೆಯಲ್ಲಿ ಅದು ಯಾರಿಗೂ ಹೊಳೆಯಲಿಲ್ಲ.

ವ್ಯಾನಿನ ಇಂಜಿನ್ ಹಳೆಯದು. ಹೋದ ವರ್ಷ ಅದನ್ನು ಬಿಚ್ಚಿ ಕಟ್ಟಿದ ಜೇವರ್ಗಿಯ ಮೆಕ್ಯಾನಿಕ್ ಮೌಲಾಲಿ ಖಡಾಖಂಡಿತ ಹೇಳಿದ್ದ: "ಅಕ್ಕಾರ, ಇನ್ನೊಮ್ಮೆ ಇದು ಜಾಮ್ ಆದ್ರ ನನ್ ಕಡಿ ತರಬ್ಯಾಡ್ರಿ. ಗುಜರಿಗೇ ಒಯ್ರಿ." ಇಂಜಿನ್ ಹೋದರೆ ವ್ಯಾನು ಹೋಯಿತು. ವ್ಯಾನು ಹೋದರೆ ಬಸವೇಶ್ವರಿ ಮತ್ತೆ ನಾಲ್ಕು ಗೋಡೆಯ ಒಳಗೆ.

ಆಯಿಲ್ ಬದಲಿಸುವ ದಿನ ಮೀರಿತ್ತು. ಮೌಲಾಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಕಲಬುರಗಿಯಲ್ಲಿ ಮಲಗಿದ್ದ. ಅವನು ಆಯಿಲ್ ಬದಲಿಸುವಾಗ ಬಸವೇಶ್ವರಿ ಐದು ಸಲ ನಟ್ಟು ಬಿಚ್ಚುವ ಪಾನಾ ಎತ್ತಿಕೊಡುತ್ತ ಪಕ್ಕದಲ್ಲಿ ನಿಂತು ನೋಡಿದ್ದಳು. ನೋಡಿ ಕಲಿಯುವುದು ಅವಳಿಗೆ ಹೊಸದಲ್ಲ. ಮಟಕಿ ಎಂಬ ಊರಿನ ತವರಿನಲ್ಲಿ ರೊಟ್ಟಿ ಬಡಿಯುವುದನ್ನೂ ಯಾರೂ ಹೇಳಿಕೊಟ್ಟಿರಲಿಲ್ಲ.

ರವಿವಾರ ಬೆಳಿಗ್ಗೆ ಇಂಜಿನ್ನಿನ ಹಳೆಯ ಕರಿ ಎಣ್ಣೆ ಬಸಿದಳು. ಹೊಸ ಫಿಲ್ಟರಿನ ರಬ್ಬರ್ ಬಳೆಗೆ ಬೆರಳಿನಿಂದ ಎಣ್ಣೆ ಸವರಿ ಕೈಯಿಂದಲೇ ಬಿಗಿದಳು. ಕೆಳಗಿನ ಬಿರಡೆ ಬಿಗಿದು, ಹೊಸ ಆಯಿಲ್ ಸುರಿದು, ಅಳತೆಯ ಕಡ್ಡಿ ಅದ್ದಿ ನೋಡಿದಳು. ಗುರುತಿನವರೆಗೆ ಬಂದಿತ್ತು. ಗೇರ್ ಬಿಡಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಇಟ್ಟಳು.

ಕಟ್ಟೆಯ ಮೇಲಿಂದ ಜಗದೇವಪ್ಪ, "ಮೌಲಾಲಿ ಬರೋ ತನಾ ತಡೀಲಿಕ್ಕೆ ಏನಾಗ್ತದ? ಇದು ಹೋಳಿಗಿ ಮಾಡಿದಂಗಲ್ಲ" ಎಂದ.

"ಹೋಳಿಗಿ ಎಂದಾದ್ರೂ ಮಾಡೀರೇನು, ಹೋಲಿಸಾಕ?"

ಸೋರುತ್ತದೆಯೋ ಎಂದು ಅವಳು ಹೊರಗೆ ಕೂತು ಬಗ್ಗಿ ನೋಡಬೇಕು. ಒಳಗೆ ಇನ್ನೊಬ್ಬರು ಚಾವಿ ತಿರುಗಿಸಿ ಆಯಿಲ್ ದೀಪ ನೋಡಬೇಕು. ಜಗದೇವಪ್ಪನ ಕಣ್ಣಿಗೆ ಅದು ಕಾಣುವುದಿಲ್ಲ. ಶಾರದಾಬಾಯಿ ಹಿಟ್ಟಿನ ಕೈ ತೊಳೆದುಕೊಂಡು ಬಂದು, ಮೊದಲ ಬಾರಿ ಡ್ರೈವರ್ ಸೀಟು ಹತ್ತಿ, ಸೆರಗು ಹೊದ್ದು ನೆಟ್ಟಗೆ ಕೂತಳು.

"ಈ ಚಾವಿ ತಿರುಗಸ್ರಿ. ಇಂಜಿನ್ ಹತ್ತಿದ ಕೂಡಲೇ ಕೈ ಬಿಡ್ರಿ. ಆಮ್ಯಾಲ ಆ ಕೆಂಪು ದೀಪದ ಮ್ಯಾಲೇ ಕಣ್ಣಿಡ್ರಿ."

"ಇಟ್ಟು ಏನ್ ಮಾಡ್ಲಿ?"

'ಆರಿದ ಕೂಡಲೇ ಹೇಳ್ರಿ' ಎಂಬುದು ಬಸವೇಶ್ವರಿಯ ನಾಲಿಗೆಯವರೆಗೆ ಬಂದು ನಿಂತಿತು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ, "ದೇವರ ಜಗಲಿ ಮ್ಯಾಲಿನ ದೀಪ ಆರ್ತು" ಎಂದಿದ್ದಳು. ಶಾರದಾಬಾಯಿ ಕಿವಿ ಹಿಡಿಸಿ, ದೀಪ ಮತ್ತೆ ಹಚ್ಚಿಸಿ, "ಶಾಂತ ಆತು ಅನ್ನಬೇಕು, ಇಲ್ಲಾ ದೊಡ್ಡದಾತು ಅನ್ನಬೇಕು. ಆ ಮಾತು ಈ ಮನ್ಯಾಗ ಅನಬ್ಯಾಡ" ಎಂದಿದ್ದಳು. ಅಂದಿನಿಂದ ಅವಳು ಆ ಮಾತನ್ನು ಅತ್ತೆಯ ಎದುರು ಆಡಿಲ್ಲ.

"ಏನಿಲ್ರಿ. ನೋಡ್ಕೋತ ಕೂಡ್ರಿ, ಸಾಕು" ಎಂದಳು.

ಚಾವಿ ತಿರುಗಿತು. ಇಂಜಿನ್ ಹತ್ತಿತು. ಬಸವೇಶ್ವರಿ ಟಾರ್ಚ್ ಹಿಡಿದು ಬಗ್ಗಿದಳು. ಬಿರಡೆ ಒಣಗಿತ್ತು, ಫಿಲ್ಟರಿನ ಸುತ್ತಲೂ ಒಂದು ಹನಿ ಇರಲಿಲ್ಲ. ಆದರೆ ಒಳಗಿನಿಂದ ಕಟಕಟ ಸದ್ದು ಬರುತ್ತಿತ್ತು, ನಿಲ್ಲುತ್ತಿರಲಿಲ್ಲ.

"ದೀಪ ಹ್ಯಾಂಗದ್ರಿ ಅತ್ತಿ?"

"ಭೇಷ್ ಅದವ್ವ! ಒಂದು ಚೂರೂ ಅಳ್ಳಾಡವಲ್ದು. ನಿನ್ ಗಾಡ್ಯಾಗ ಇಷ್ಟು ಚಂದ ಪಣತಿ ಅದಂತ ನನಗ ಗೊತ್ತೇ ಇರಲಿಲ್ಲ."

"ಬಂದ್ ಮಾಡ್ರಿ! ಚಾವಿ ಹಿಂದಕ್ಕ ತಿರುಗಸ್ರಿ!"

ಇಂಜಿನ್ ನಿಂತಿತು. ಬಸವೇಶ್ವರಿ ಎದ್ದು ಕೈ ಒರೆಸಿಕೊಂಡಳು. ಮೌಲಾಲಿಗೆ ಫೋನ್ ಹಚ್ಚಿ ಆದದ್ದನ್ನು ಹೇಳಿದಳು.

"ಎಷ್ಟು ಹೊತ್ತು ಓಡ್ತು?"

"ಹತ್ತು ಎಣಿಸೋ ಅಷ್ಟು."

"ರೇಸ್ ಕೊಟ್ಟಿಲ್ಲಲ್ಲ? ಹಂಗಾರ ಬಚಾವ್. ಫಿಲ್ಟರ್ ಒಣಾ ಹಾಕೀರಿ. ಬಿಚ್ಚಿ, ಅದರಾಗ ಆಯಿಲ್ ತುಂಬಿ ಹಾಕ್ರಿ. ಕಾಯಿಲ್ ವೈರ್ ಕೀಳ್ರಿ, ಇಂಜಿನ್ ಹತ್ತಬಾರದು, ಬರೇ ತಿರುಗಬೇಕು. ಐದೈದು ಸೆಕೆಂಡ್ ಚಾವಿ ತಿರುಗಸ್ರಿ, ನಡುವ ಬಿಡ್ಕೋತ. ದೀಪ ಆರಿದ ಮ್ಯಾಲೇ ವೈರ್ ಹಾಕಿ ಶುರು ಮಾಡ್ರಿ. ಅಕ್ಕಾರ, ಅಂಜಬ್ಯಾಡ್ರಿ. ನಿಮ್ ಕೈ ನಾ ನೋಡೇನಿ."

ಹಾಸಿಗೆಯಲ್ಲಿ ಮಲಗಿದವನ ಆ ಕೊನೆಯ ಮಾತು ಕೇಳಿ ಬಸವೇಶ್ವರಿ ಮತ್ತೆ ಕೆಲಸಕ್ಕೆ ಕೈ ಹಾಕಿದಳು. ಹೇಳಿದಂತೆ ಫಿಲ್ಟರಿಗೆ ಆಯಿಲ್ ತುಂಬಿ ಹಾಕಿ, ಕಾಯಿಲ್ ವೈರ್ ಕಿತ್ತಳು. ಆಮೇಲೆ ಅತ್ತೆಯ ಕಿಟಕಿಗೆ ಬಂದು ನಿಂತಳು.

"ಅತ್ತಿ, ಆ ದೀಪ ಆರಬೇಕ್ರಿ. ಉರಿಯಾಕತ್ತದ ಅಂದ್ರ ಇಂಜಿನ್ನಿಗೆ ಎಣ್ಣಿ ಏರಿಲ್ಲ, ಒಳಗ ಒಣಾ ತಿಕ್ಕಿ ಸುಡಾಕತ್ತದ ಅಂತ."

"ಮೊದಲೇ ಯಾಕ ಹೇಳಲಿಲ್ಲ ಬೇ?"

"ನೀವೇ ಅಲ್ರಿ, ಆ ಮಾತು ಅನಬ್ಯಾಡ ಅಂದವ್ರು."

ಶಾರದಾಬಾಯಿ ಸೊಸೆಯ ಮುಖ ನೋಡಿದಳು. "ಹದಿನೆಂಟು ವರ್ಷ ಹಿಡ್ಕೊಂಡು ಕುಂತೀಯೇನು ಅದನ್ನ? ನಾ ಜಗಲಿಗೆ ಹೇಳಿದ್ದೆ. ಇಂಜಿನ್ನಿಗೆ ಹೇಳಿದ್ದೆನೇನು?" ಎಂದಳು. ಮತ್ತೆ ಚಾವಿಗೆ ಕೈ ಹಾಕಿ, "ತಪ್ಪು ನಂದೂ ಅದ. ಹೋಗು, ಕೆಳಗ ನೋಡು" ಎಂದಳು.

ಶಾರದಾಬಾಯಿ ಚಾವಿ ತಿರುಗಿಸಿದಳು, ಇಂಜಿನ್ ಹತ್ತದೆ ತಿರುಗಿತು. ಒಮ್ಮೆ. ಬಿಟ್ಟಳು. ಮತ್ತೊಮ್ಮೆ. ಬಿಟ್ಟಳು. ಮೂರನೆಯ ಸಲ ಮೂರು ಮನೆಯಾಚೆಗೂ ಕೇಳುವಂತೆ ಕೂಗು ಬಂತು.

"ಆರ್ತು! ಬಸಮ್ಮಾ, ಆರ್ತು ನೋಡು!"

ಜಗದೇವಪ್ಪ ಕಟ್ಟೆಯಿಂದ ಎದ್ದೇ ನಿಂತ. "ಯಾವುದವ್ವ ಆರಿದ್ದು?"

"ಗಾಡಿ ದೀಪ. ನೀ ಹೋಗಿ ಚಾ ಇಡು."

ವೈರ್ ಹಾಕಿ ಶುರು ಮಾಡಿದಾಗ ಎರಡು ಎಣಿಸುವಷ್ಟರಲ್ಲಿ ದೀಪ ಆರಿತು. ಕಟಕಟ ಇಲ್ಲ, ಸೋರಿಕೆ ಇಲ್ಲ. ರೇಸ್ ಕೊಡದೆ ಸ್ವಲ್ಪ ಹೊತ್ತು ತನ್ನ ಪಾಡಿಗೆ ಓಡಲು ಬಿಟ್ಟು ನಿಲ್ಲಿಸಿದರು. ಎಣ್ಣೆ ಕೆಳಗಿಳಿಯಲು ಕಾಯಬೇಕಿತ್ತು. ಒಳಗಿನಿಂದ ಜಗದೇವಪ್ಪ ಚಹಾಪುಡಿ ಎಲ್ಲಿದೆ ಎಂದು ಕೇಳಿದ. ಆಮೇಲೆ ಸಕ್ಕರೆ. ಆಮೇಲೆ ಸೋಸುವ ಜರಡಿ. ಬಸವೇಶ್ವರಿ ಕಡ್ಡಿ ಅದ್ದಿ ನೋಡಿದಳು. ತುಸು ಕಡಿಮೆಯಾಗಿತ್ತು, ಸುರಿದು ಸರಿಮಾಡಿದಳು.

"ಇಳೀರಿ ಅತ್ತಿ."

"ಇರಲಿ ಬಿಡು. ಚಾ ಇಲ್ಲೇ ಕುಡಿತೇನಿ."

ಬಸವೇಶ್ವರಿ ಚಹಾದ ಬಸಿ ಹಿಡಿದು ಪಕ್ಕದ ಸೀಟಿನಲ್ಲಿ ಕೂತಳು. ಈ ನಾಲ್ಕು ವರ್ಷ ತಾನು ವ್ಯಾನು ಓಡಿಸಿದ್ದು ಅತ್ತೆ ಬಡಿದ ರೊಟ್ಟಿಯ ಬಲದಿಂದ ಎಂದು ಹೇಳಬೇಕೆನಿಸಿತು. ಹೇಳಿಯೂ ಬಿಟ್ಟಳು, ಅಷ್ಟು ಚಂದವಾಗಿ ಅಲ್ಲ. "ನೀವು ಇರಲಿಲ್ಲಂದ್ರ ನನಗ ಇದು ಆಗ್ತಿರಲಿಲ್ರಿ" ಎಂದಳು.

"ಚಾಕ್ಕ ಸಕ್ಕರಿ ಭಾಳ ಆಗ್ಯಾದ" ಎಂದಳು ಶಾರದಾಬಾಯಿ. ಕಣ್ಣು ಮಾತ್ರ ಸೆರಗಿನಿಂದ ಒರೆಸಿಕೊಂಡಳು.

ಸೋಮವಾರ ಏಳೂವರೆಗೆ ಬಸವೇಶ್ವರಿ ಚಾವಿ ತಿರುಗಿಸಿದಾಗ ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಕಿಟಕಿಯಲ್ಲಿ ತಲೆ ಹಾಕಿದಳು. ಒಂದು, ಎರಡು ಎಣಿಸುವಷ್ಟರಲ್ಲಿ ಕೆಂಪು ಹೋಯಿತು.

"ಆರ್ತು. ಹೋಗಿ ಬಾ."